ಶನಿವಾರದವರೆಗೂ ಬಂದ ವಾಸನೆ

“ಹಿಂದಿನ ಸೀಟು, ಎಡಗಡೆ,” ಎಂದ ಅವನು, ಕಾರಿನೊಳಗೆ ಕತ್ತು ಚಾಚಿ, ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅರಳಿಸಿ. “ಮೊದಲು ಚುರುಕಾಗಿ ಒಂದು ಏಟು ಹೊಡೆಯುತ್ತೆ. ಆಮೇಲೆ ಸ್ವಲ್ಪ ಸಿಹಿ. ಕೊನೆಗೆ ಗಂಟಲಲ್ಲಿ ಹೋಗಿ ಕೂತುಬಿಡುತ್ತೆ. ಅಪ್ಪಟ ಪೆಟ್ರೋಲ್.”

“ಇವತ್ತೂ ಬರ್ತಿದ್ಯಾ ಸಾರ್?” ಮೆಕ್ಯಾನಿಕ್ ಕೈಯೊರೆಸಿಕೊಳ್ಳುತ್ತಾ ಕೇಳಿದ.

“ನಿನ್ನೆಗಿಂತ ಜಾಸ್ತಿ.”

ಮೆಕ್ಯಾನಿಕ್ ಅವನ ಜೊತೆ ಬಂದಿದ್ದ ಹೆಂಡತಿಯ ಮುಖ ನೋಡಿದ. ಅವಳು ಗೋಡೆಗೆ ಅಂಟಿಸಿದ್ದ ಟೈರು ಗಾಳಿಯ ಪಟ್ಟಿಯನ್ನು ಪರೀಕ್ಷೆಗೆ ಓದುವವಳ ಹಾಗೆ ಓದುತ್ತಿದ್ದಳು.

ನಿಜ ಹೇಳಬೇಕೆಂದರೆ ಅವನ ಮೂಗಿಗೆ ಪೆಟ್ರೋಲೂ ಇಲ್ಲ, ಮಣ್ಣೂ ಇಲ್ಲ. ಇಪ್ಪತ್ತಾರು ದಿನಗಳ ಹಿಂದೆ ಬಂದ ಒಂದು ನೆಗಡಿ, ಹೋಗುವಾಗ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿತ್ತು. ಬೇರೆ ಯಾರಿಗಾದರೂ ಅದು ಬರೀ ಕಿರಿಕಿರಿ. ಅವನಿಗೆ ಅನ್ನದ ಪ್ರಶ್ನೆ. ಸೋಪಿನ ಕಾರ್ಖಾನೆಯಲ್ಲಿ ಅವನೇ ಮುಖ್ಯ ವಾಸನೆ ಪರೀಕ್ಷಕ. ಅವನು ಮೂಸಿ ಸಹಿ ಹಾಕದೆ ಒಂದು ಬಿಲ್ಲೆಯೂ ಗೇಟು ದಾಟುವಂತಿಲ್ಲ. ಅಲ್ಲಿನವರು ಅವನನ್ನು ಪ್ರೀತಿಯಿಂದ ‘ದೊಡ್ಡ ಮೂಗು’ ಎಂದೇ ಕರೆಯುತ್ತಿದ್ದರು. ಮೂಗು ಅಂಗಡಿ ಮುಚ್ಚಿದೆ ಎಂದು ಗೊತ್ತಾದರೆ ಕುರ್ಚಿಯೂ ಹೋಯಿತು. ಹಾಗಾಗಿ ಅವನು ಡಾಕ್ಟರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ದಿನಾ ಸಂಜೆ ಒಂದೆರಡು ಬಿಲ್ಲೆ ಜೇಬಿನಲ್ಲಿ ಹಾಕಿಕೊಂಡು ಬಂದು, ಶಾಲೆಯ ವಿಜ್ಞಾನದ ಉತ್ತರಪತ್ರಿಕೆ ತಿದ್ದುತ್ತಾ ಕೂತ ಅವಳ ಮುಂದೆ ಹಿಡಿಯುತ್ತಿದ್ದ. “ಸುಮ್ನೆ, ಹೊರಗಿನವರ ಅಭಿಪ್ರಾಯ ಬೇಕಿತ್ತು.” ಅವಳ ಬಾಯಿಂದ ಬಂದದ್ದು ಮರುದಿನ ಅವನ ವರದಿಯಲ್ಲಿ ಸೂಟು ಬೂಟು ಹಾಕಿಕೊಂಡು ನಿಲ್ಲುತ್ತಿತ್ತು.

ಸೋಮವಾರ ಬೆಳಿಗ್ಗೆ ಕಾರಿನ ಬಾಗಿಲು ತೆಗೆದವಳೇ, “ಅಯ್ಯೋ, ಪೆಟ್ರೋಲ್ ವಾಸನೆ ಕಣ್ರೀ!” ಎಂದಿದ್ದಳು. ಅವನು ಗಡಿಬಿಡಿಯಲ್ಲಿ ಮೂಗು ಸುಕ್ಕಿಸಿ, “ನಾನೇ ಹೇಳೋಣ ಅಂತಿದ್ದೆ,” ಎಂದುಬಿಟ್ಟ. ಮರುದಿನದಿಂದ ಅವಳು ಬಾಯಿಬಿಡುವ ಮೊದಲೇ ತಾನೇ ಶುರು ಮಾಡಿದ. ಮಂಗಳವಾರ ಕಿಟಕಿ ಇಳಿಸಿದ. ಗುರುವಾರ ಕರ್ಚೀಫು ಹಿಡಿದ. ಶುಕ್ರವಾರ ತಲೆನೋವೂ ಬಂತು.

ಮೆಕ್ಯಾನಿಕ್ ಪೆಟ್ರೋಲ್ ಪೈಪಿನ ಒಂದೊಂದು ಜಾಯಿಂಟಿಗೂ ಬಿಳಿ ಟಿಶ್ಯೂ ಕಾಗದ ಸುತ್ತಿ, ಇಂಜಿನ್ ಚಾಲೂ ಮಾಡಿ, ಹತ್ತು ನಿಮಿಷ ಬಿಟ್ಟು ಎಲ್ಲವನ್ನೂ ಬಿಚ್ಚಿ ತೋರಿಸಿದ. ಒಂದರ ಮೇಲೂ ಸಾಸಿವೆಯಷ್ಟು ಕಲೆಯಿಲ್ಲ.

“ಕಾಗದಕ್ಕೇನಪ್ಪಾ ಗೊತ್ತು? ಈ ಮೂಗಿಗೆ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿದೆ,” ಎಂದ ಅವನು.

ಮೆಕ್ಯಾನಿಕ್ ಸರಕ್ಕನೆ ಗೋಡೆ ಕಡೆ ತಿರುಗಿಕೊಂಡ. ಅವನ ಹೆಗಲು ಕುಲುಕತೊಡಗಿದವು. ಹೆಂಡತಿ ಕೈಚೀಲದಿಂದ ಕಪ್ಪು ರಬ್ಬರಿನ ಉಂಗುರವೊಂದನ್ನು ತೆಗೆದು ಬಾನೆಟ್ಟಿನ ಮೇಲಿಟ್ಟಳು. ಅದರಲ್ಲಿ ಉಗುರಿನಷ್ಟುದ್ದದ ಸೀಳು.

“ಟ್ಯಾಂಕಿನ ಮುಚ್ಚಳದ್ದು. ಸೋಮವಾರ ಮಧ್ಯಾಹ್ನವೇ ಇವರ ಹತ್ರ ಹೊಸದು ಹಾಕಿಸಿದೆ. ವಾಸನೆ ಅವತ್ತೇ ನಿಂತುಹೋಯ್ತು. ಮಂಗಳವಾರ ನಿಮಗೆ ಹೇಳೋಣ ಅಂತ ಬಾಯಿ ತೆಗೆಯೋಷ್ಟರಲ್ಲಿ ನೀವು ಕಿಟಕಿ ಇಳಿಸ್ತಿದ್ರಿ. ಸರಿ, ಎಷ್ಟು ದಿನ ಓಡುತ್ತೋ ಓಡ್ಲಿ ಅಂದ್ಕೊಂಡೆ.”

ಕಾರು ಅವಳೇ ಓಡಿಸಿದಳು. ಅವನು ಪಕ್ಕದಲ್ಲಿ ಕೂತು ನೆಗಡಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದ.

“ಮನೇಲಿ ಗ್ಯಾಸ್ ಸೋರಿದ್ರೆ ಏನು ಗತಿ? ನನ್ನ ಗಂಡಂದು ಊರಿಗೇ ದೊಡ್ಡ ಮೂಗು ಅಂತ ನಾನು ನಿಶ್ಚಿಂತೆಯಾಗಿ ಮಲಗಿರ್ತಿದ್ದೆ!” ಎಂದು ಅವಳು ಗೇರಿನ ಮೇಲೆ ಸಿಟ್ಟು ತೀರಿಸಿಕೊಂಡಳು.

ಎರಡು ತಿರುವು ಕಳೆದ ಮೇಲೆ ಅವನು ಥಟ್ಟನೆ ನೆಟ್ಟಗಾದ. “ಹಾಗಾದ್ರೆ ಬುಧವಾರದ ಆ ಹಸಿರು ಸೋಪು? ಒದ್ದೆ ನಾಯಿ ವಾಸನೆ ಅಂದೆಯಲ್ಲ?”

“ಅದಾ?” ಅವಳು ಕನ್ನಡಿ ನೋಡಿದಳು, ಹಿಂದೆ ಯಾವ ಗಾಡಿಯೂ ಇರಲಿಲ್ಲ. “ತುಂಬಾ ಚೆನ್ನಾಗಿತ್ತು ಕಣ್ರೀ. ನಿಂಬೆ ಎಲೆ ಹಿಸುಕಿದ ಹಾಗೆ. ಒಂದೇ ಪ್ರಯೋಗ ನಂಬಿ ತೀರ್ಮಾನ ಮಾಡಬಾರದಲ್ಲ, ಅದಕ್ಕೆ...”

“ಅಯ್ಯೋ ಮಾರಾಯ್ತಿ! ನಾನು ಬರೆದುಬಿಟ್ಟೆ! ಎರಡು ಸಾವಿರ ಬಿಲ್ಲೆ ವಾಪಸ್ ಕರಗಿಸೋಕೆ ಹೋಯ್ತು!”

“ಬೇರೆ ಯಾರೂ ಮೂಸಿ ನೋಡ್ಲಿಲ್ವಾ?”

“ನೋಡಿದ್ರು. ಮೂರು ಜನ ಕೆಮಿಸ್ಟ್‌ಗಳು ನೋಡಿದ್ರು. ಮ್ಯಾನೇಜರೂ ನೋಡಿದ್ರು.” ಅವನ ದನಿ ಇಳಿಯುತ್ತಾ ಹೋಯಿತು. “ಎಲ್ಲರೂ ಹೌದೌದು, ನಾಯಿನೇ ಅಂದ್ರು. ಮ್ಯಾನೇಜರಂತೂ ಅದು ಯಾವ ಜಾತಿ ನಾಯಿ ಅಂತಾನೂ ಹೇಳಿದ್ರು.”

ಅವಳು ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಬೇಕಾಯಿತು. ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕಳು, ನಕ್ಕು ಸಾಕಾಗಿ ಕಣ್ಣೊರೆಸಿಕೊಂಡಳು. ಆಮೇಲೆ ಮನೆಯ ದಾರಿ ಬಿಟ್ಟು, ಮೂಗಿನ ಡಾಕ್ಟರ ರಸ್ತೆಯ ಕಡೆಗೆ ಇಂಡಿಕೇಟರ್ ಹಾಕಿದಳು.

“ಚಿಕಿತ್ಸೆ ಮಾಡಿಸಿಕೊಳ್ಳೋಣ, ಬನ್ನಿ. ಆದ್ರೆ ಕೆಲಸ ಹೋಗುತ್ತೆ ಅಂತ ಮಾತ್ರ ಹೆದರಬೇಡಿ,” ಎಂದಳು. “ನಿಮ್ಮ ಕಾರ್ಖಾನೇಲಿ ಮೂಗಿನಿಂದ ಮೂಸೋರು ಯಾರೂ ಇಲ್ಲ.”