ಮೂವತ್ತೆರಡನೇ ಫಾರಂ

ನನ್ನ ದನಿ ಮೂರನೇ ಬೆಂಚು ದಾಟುತ್ತದೋ ಇಲ್ಲವೋ ಎಂಬ ಚಿಂತೆ ನನಗೆ. ಎಂ.ಎಸ್ಸಿ. ಮುಗಿಸಿ ಈ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಲು ಸೇರಿ ಆರು ತಿಂಗಳಾಯಿತು. ಡೈರಿಗೆ ಬಿಟ್ಟು ಯಾರಿಗೂ ಈ ಚಿಂತೆ ಹೇಳಿಲ್ಲ.

ಇವತ್ತು ನಮ್ಮ ವಿಭಾಗದ ಮುಖ್ಯಸ್ಥರು, ವಿದ್ಯಾರ್ಥಿಗಳು ನನ್ನ ಬಗ್ಗೆ ಹೆಸರು ಹಾಕದೆ ಬರೆದುಕೊಟ್ಟ ಅಭಿಪ್ರಾಯದ ಫಾರಂಗಳನ್ನು ಹಿಡಿದುಕೊಂಡು ತರಗತಿಗೇ ಬಂದರು. ಮೂವತ್ತೊಂದು ಫಾರಂಗಳಲ್ಲಿ 'ಮೇಡಂ ಚೆನ್ನಾಗಿ ಪಾಠ ಮಾಡುತ್ತಾರೆ' ಎಂದಿತ್ತು. ಇಂಟರ್ನಲ್ ಅಂಕ ನನ್ನ ಕೈಯಲ್ಲಿದೆಯಲ್ಲ!

ಉಳಿದ ಒಂದನ್ನು ಅವರು ಗಟ್ಟಿಯಾಗಿ ಓದಿದರು: "ಜಿರಳೆ ಕೊಯ್ಯುವಾಗ ಜಿರಳೆಗಿಂತ ಮೇಡಂ ಹೆಚ್ಚು ನಡುಗುತ್ತಾರೆ. ಪಾಠವೆಲ್ಲ ಕಪ್ಪುಹಲಗೆಗೆ, ನಮಗೆ ಬರೀ ಬೆನ್ನು."

ತರಗತಿ ಕಿಸಕ್ಕೆಂದಿತು.

"ಯಾವನೋ ಇದು ಬರೆದೋನು? ಏಯ್ ಚನ್ನವೀರ, ಲಾಸ್ಟ್ ಬೆಂಚು, ನೀನೇ ತಾನೆ? ಇಂಟರ್ನಲ್ಸ್‌ಗೆ ಸೊನ್ನೆ ಹಾಕಿಸ್ತೀನಿ ನೋಡು."

"ನಾನಲ್ಲ ಸಾರ್. ಫಾರಂ ಕೊಟ್ಟ ದಿನ ನಾನು ಬಂದೇ ಇರ್ಲಿಲ್ಲ."

"ಸುಳ್ಳು ಬೊಗಳ್ಬೇಡ. ಅವತ್ತಿನ ಹಾಜರಿಯಲ್ಲಿ ಮೂವತ್ತೆರಡು ಜನ, ನೀನೂ ಇದ್ದೀಯ. ಫಾರಮ್ಮೂ ಮೂವತ್ತೆರಡು. ನೀನಲ್ದಿದ್ರೆ ನಿನ್ನ ದೆವ್ವ ಬಂದು ಬರೀತಾ?"

ಚನ್ನವೀರ ನನ್ನ ಮುಖ ನೋಡಿದ. ತಲೆ ತಗ್ಗಿಸಿದ.

ನಾನು ಕಪ್ಪುಹಲಗೆ ಬಿಟ್ಟು ಪೂರ್ತಿ ತರಗತಿಯ ಕಡೆ ತಿರುಗಿದೆ. ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದೆ:

"ಇವನು ಬಂದಿರ್ಲಿಲ್ಲ ಸಾರ್, ಪಾಪ ಅಂತ ಹಾಜರಿ ಹಾಕಿದ್ದೆ. ಆಮೇಲೆ ಲೆಕ್ಕಕ್ಕೆ ಒಂದು ಫಾರಂ ಕಮ್ಮಿ ಬಿತ್ತು. ಅದನ್ನ ತುಂಬಿದ್ದು ನಾನೇ."