ರಾಯಭಾರಿ ಬರುವ ಹೊತ್ತು

“ದೇಶದ ಬಲ ಕುಗ್ತಿದೆ ಅಂತ ಬರೆಯೋಕೆ ಎಷ್ಟು ಧೈರ್ಯ ನಿಮಗೆ?” ಅಧ್ಯಕ್ಷರು ವರದಿಯನ್ನು ಮುದಿ ಅಧಿಕಾರಿಯ ಮುಖಕ್ಕೆ ಎಸೆದರು. “ಸೈನ್ಯ ದುಪ್ಪಟ್ಟಾಗಿದೆ, ಉಕ್ಕು ದುಪ್ಪಟ್ಟಾಗಿದೆ. ನೀವು ಅಳೆದದ್ದಾದ್ರೂ ಏನನ್ನ?”

“ನಾವು ಕರೆದಾಗ ಪಕ್ಕದ ದೇಶದ ರಾಯಭಾರಿ ಬರೋಕೆ ಎಷ್ಟು ಹೊತ್ತು ತಗೋತಾರೆ ಅನ್ನೋದನ್ನ, ಸರ್. ನಾನು ಕೆಲಸಕ್ಕೆ ಸೇರಿದಾಗ ಹತ್ತು ನಿಮಿಷ. ಹೋದ ವರ್ಷ ಮೂರು ದಿನ.”

“ಅವನನ್ನ ಈಗಲೇ ಕರೆಸ್ತೀನಿ. ಆಮೇಲೆ ನಿಮ್ಮನ್ನ ಮನೆಗೆ ಕಳಿಸ್ತೀನಿ.”

ಅಧ್ಯಕ್ಷರು ತಾವೇ ಫೋನ್ ಮಾಡಿದರು. ಬೈಯಲು ಬಾಯಿ ತೆರೆದವರು ಸುಮ್ಮನೆ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಎದ್ದು ನಿಂತರು.

ಫೋನ್ ಇಟ್ಟ ಮೇಲೆ ಅಧಿಕಾರಿ ಪೆನ್ನು ತೆಗೆದರು. “ಎಷ್ಟು ಹೊತ್ತಂತೆ, ಸರ್?”

“ಹತ್ತು ನಿಮಿಷ,” ಎಂದ ಅಧ್ಯಕ್ಷರು ಕೋಟು ಎತ್ತಿಕೊಂಡರು. “ಗಾಡಿ ತೆಗೆಸಿ. ಅಷ್ಟರಲ್ಲಿ ನಾನು ಅಲ್ಲಿರಬೇಕಂತೆ.”