ಬೆಳಕಿನ ಕುಡುಗೋಲು

ಗುಡ್ಡದ ಕೆಳಗಿನ ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಯಮನೂರಪ್ಪ ಸೂಲಗಿತ್ತಿ ಹುಲಿಗೆವ್ವನ ಚೀಲ ಜಾಲಾಡಿ, ಬೆಳಕಿನ ಕುಡುಗೋಲನ್ನು ಹೊರಗೆಳೆದು ಮೇಜಿನ ಮೇಲೆ ಒತ್ತಿ ಹಿಡಿದ.

“ಶಸ್ತ್ರ ಒಳಗ ಬಿಡಂಗಿಲ್ಲ ಬೇ.”

“ಶಸ್ತ್ರ ಅಂತ ಯಾರ್ ಹೇಳಿದ್ರೋ ನಿನಗ?”

“ಮೊಬೈಲ್ ಗೇಮಿನ್ಯಾಗ ದಿನಾ ಹಿಡೀತೀನಿ. ಇದೇ ಹಿಡಿ, ಇದೇ ನೀಲಿ ಬೆಳಕು. ಒಂದ್ ಏಟಿಗೆ ಮೂರ್ ರುಂಡ ಹಾರ್ತಾವ.”

ಹುಲಿಗೆವ್ವನ ಮೈಯೆಲ್ಲ ಉರಿಯಿತು. ಆಕಾಶದಿಂದ ಬಂದು ಗಂಗಾವತಿಯ ಬಂಡೆಗುಡ್ಡಗಳಲ್ಲಿ ನೆಲೆಸಿದ ಮಂದಿಗೆ ಅವಳು ಹನ್ನೆರಡು ವರ್ಷದಿಂದ ಹೆರಿಗೆ ಮಾಡಿಸುತ್ತಿದ್ದಳು. ಅವರ ಕೂಸಿನ ಹೊಕ್ಕುಳಬಳ್ಳಿಗೆ ನಮ್ಮ ಯಾವ ಕಬ್ಬಿಣವೂ ನಾಟುವುದಿಲ್ಲ, ಅವರದೇ ಈ ಬೆಳಕು ಬೇಕು. ಯಾವನೋ ಮೊಬೈಲ್ ಆಟ ಕಟ್ಟುವವನು ಅದನ್ನು ಕತ್ತಿ ಎಂದ, ಊರೆಲ್ಲ ನಂಬಿತು. ಈಗ ಗುಡ್ಡದ ಮೇಲೆ ಅವರಲ್ಲೊಬ್ಬಳು ಹೆತ್ತು, ಕೂಸನ್ನು ಬಳ್ಳಿಸಮೇತ ಎದೆಗವಚಿಕೊಂಡು ಕಾಯುತ್ತಿದ್ದಾಳೆ. ಮಧ್ಯಾಹ್ನದೊಳಗೆ ಕೊಯ್ಯದಿದ್ದರೆ ಇಬ್ಬರೂ ಉಳಿಯುವುದಿಲ್ಲ.

“ಸಾಹೇಬ್ರು ಸಂಜಿಗೆ ಬರ್ತಾರ, ಕೇಳಿ ಕೊಡ್ತೀನಿ,” ಎಂದ ಯಮನೂರಪ್ಪ.

“ಅಂಗಿ ಎತ್ತೋ.”

“ಏನಬೇ?”

“ಅಂಗಿ ಎತ್ತಿ ನಿನ್ನ ಹೊಕ್ಕುಳ ನೋಡ್ಕೋ! ಜೋಳದ ಹೊಲದಾಗ ನಿಮ್ಮವ್ವಗ ಬ್ಯಾನಿ ಬಂದಾಗ ಅದನ್ನ ಕುಡುಗೋಲಿಲೆ ಕೊಯ್ದಾಕಿ ನಾನು. ಅವತ್ತ ನಿನ್ನಂಥಾವ ಒಬ್ಬ ದಾರ್ಯಾಗ ಕುಂತು ಆ ಕುಡುಗೋಲು ಕಸ್ಕೊಂಡಿದ್ರ, ಇವತ್ತ ಈ ಖಾಕಿ ತೊಡಾಕ ನೀ ಎಲ್ಲಿ ಇರ್ತಿದ್ದಿ?”

ಯಮನೂರಪ್ಪನ ಕೈ ಮೇಜು ಬಿಟ್ಟು ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಹುಲಿಗೆವ್ವನಿಗೆ ಅಷ್ಟೇ ಸಾಕಿತ್ತು. ಕುಡುಗೋಲು ಬಾಚಿಕೊಂಡವಳೇ ಬೈಯುತ್ತ ಬೈಯುತ್ತ ಗುಡ್ಡ ಹತ್ತಿದಳು.